ಪ್ರೀತಿಯ ನೆಪದಲ್ಲಿ ಕೆಲಸದಿಂದ ತೆಗೆದರೆ ಎಲ್ಲಿಗೆ ಹೋಗಬೇಕು?

ಮೊದಲ ಮಾತು: ರಾಜೀನಾಮೆ ಬರೆದುಕೊಡಬೇಡಿ. ಕಾರವಾರ, ಶಿರಸಿಯಂಥ ಊರುಗಳಲ್ಲಿ ಇಬ್ಬರು ನೌಕರರ ಸಂಬಂಧ ಬಯಲಾದರೆ ನೇರ ವಜಾ ಆದೇಶ ಕೈಗೆ ಬರುವುದು ಕಡಿಮೆ. ಒಳಗೆ ಕರೆದು ‘ಮನೆಯವರನ್ನು ಕರೆಸುವ ಮೊದಲು ಮರ್ಯಾದೆಯಿಂದ ನೀವೇ ಬಿಟ್ಟುಬಿಡಿ’ ಎನ್ನುತ್ತಾರೆ. ಸಹಿ ಬಿತ್ತೆಂದರೆ ಕಾಗದದ ಮೇಲೆ ಅದು ವಜಾ ಅಲ್ಲ; ಒತ್ತಾಯವಿತ್ತು ಎಂದು ತೋರಿಸುವ ಹೊರೆ ನಿಮ್ಮದು. ಈಗಾಗಲೇ ಸಹಿ ಮಾಡಿದ್ದರೆ, ಅಂಗೀಕಾರವಾಗುವ ಮುನ್ನ, ಆದಷ್ಟೂ ಅದೇ ದಿನ, ‘ಒತ್ತಡದಲ್ಲಿ ಬರೆದದ್ದು, ಹಿಂಪಡೆದಿದ್ದೇನೆ’ ಎಂದು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ರಸೀದಿ ಕಳೆಯಬೇಡಿ.

ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ಸಂಸ್ಥೆಯ ನಿಯಮಾವಳಿ ಒಂದೆಡೆ ಇಡಿ. ಕಚೇರಿಯ ಇಮೇಲ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಆದರೆ ಗ್ರಾಹಕರ ದಾಖಲೆ, ಲೆಕ್ಕಪತ್ರ ನಕಲು ಮಾಡಿಕೊಂಡರೆ ಅವರಿಗೆ ಹೊಸ ಆರೋಪವೊಂದನ್ನು ನೀವೇ ಒದಗಿಸಿದಂತೆ.

ನಿಯಮಾವಳಿಯಲ್ಲಿ ‘ಸಂಬಂಧವನ್ನು ತಿಳಿಸಬೇಕು’ ಎಂದಿದ್ದರೆ, ಅದರಲ್ಲೂ ಒಬ್ಬರು ಇನ್ನೊಬ್ಬರ ಮೇಲಧಿಕಾರಿಯಾಗಿದ್ದಲ್ಲಿ, ಎರಡು ಸಾಲಲ್ಲಿ ತಿಳಿಸಿಬಿಡಿ. ಸಂಬಂಧ ಅಪರಾಧವಲ್ಲ, ಮುಚ್ಚಿಟ್ಟದ್ದು ಆರೋಪವಾಗಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇರುವುದು ಒಪ್ಪಿಗೆಯಿಲ್ಲದ ವರ್ತನೆಗೆ. ಇಬ್ಬರೂ ಒಪ್ಪಿದ ಪ್ರೀತಿಗೆ ಅದನ್ನು ಬಳಸುವಂತಿಲ್ಲ.

ಹೆಚ್ಚಿನವರು ಎಡವುವುದು ಅರ್ಜಿ ಹಾಕುವ ಜಾಗದಲ್ಲಿ. ಅಂಗಡಿ, ಹೋಟೆಲು, ಖಾಸಗಿ ಕಚೇರಿಯಲ್ಲಿ ಆರು ತಿಂಗಳು ಸತತ ದುಡಿದವರಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಂ ಇದೆ: ಸಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಬೇಕು. ನೋಟಿಸಿಲ್ಲದೆ ತೆಗೆಯಬೇಕಾದರೆ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿರಬೇಕು. ಕಾರ್ಖಾನೆಯ ಕಾರ್ಮಿಕರು ಕಾರವಾರದ ಕಾರ್ಮಿಕ ಅಧಿಕಾರಿಯ ಬಳಿ ಸಂಧಾನಕ್ಕೆ ಅರ್ಜಿ ಹಾಕಿ, 45 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯ ಮೂರು ವರ್ಷದ ಗಡುವನ್ನು ನಂಬಿ ಕೂರಬೇಡಿ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು ಎರಡು ವರ್ಷ. ಕೈಗಾದ ಗುತ್ತಿಗೆ ಕೆಲಸಗಾರರ ದಾರಿ ಬೇರೆ, ಅವರದು ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸಂಘಗಳ ನೌಕರರು ವಿಶೇಷವಾಗಿ ಗಮನಿಸಿ. ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ಶಿಸ್ತುಕ್ರಮದ ತಕರಾರು ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕು. 2000ದ ಜೂನ್ 20ರ ನಂತರ ಕಾರ್ಮಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ತಪ್ಪು ಬಾಗಿಲು ತಟ್ಟಿ ವರ್ಷಗಟ್ಟಲೆ ಅಲೆದರೆ ವ್ಯಾಜ್ಯ ಗುಣಾವಗುಣ ನೋಡುವ ಮೊದಲೇ ಬಿದ್ದುಹೋಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪನ್ನು ಅರ್ಜಿಯ ತುಂಬ ತುಂಬಬೇಡಿ. ಸರ್ಕಾರಿ ನೌಕರರಿಗೆ ಅದು ನೇರ ಆಯುಧ. ಖಾಸಗಿ ಮಾಲೀಕರ ಎದುರು ವಿಚಾರಣೆ ನಡೆದಿಲ್ಲ, ನೋಟಿಸು ಕೊಟ್ಟಿಲ್ಲ ಎಂಬ ಒಣ ವಾದವೇ ಹೆಚ್ಚು ಗಟ್ಟಿ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಕಿಲ್ಲ. ಹೆಂಗಸರಿಗೆ ಆದಾಯ ಎಷ್ಟಿದ್ದರೂ, ಕೈಗಾರಿಕಾ ಕಾರ್ಮಿಕರಿಗೂ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ತಾಲೂಕು ನ್ಯಾಯಾಲಯದಲ್ಲೇ ಅದರ ಸಮಿತಿ ಇರುತ್ತದೆ. ಮರುನೇಮಕ, ಹಿಂಬಾಕಿ ವೇತನ ಎರಡನ್ನೂ ಕೇಳಿ. ನಡುವೆ ಬೇರೆಡೆ ದುಡಿದಿದ್ದರೆ ಅಫಿಡವಿಟ್ಟಿನಲ್ಲಿ ಬರೆದುಬಿಡಿ. ಹಿಂಬಾಕಿ ಕಡಿಮೆಯಾಗಬಹುದು, ಆದರೆ ಸುಳ್ಳು ಸಿಕ್ಕಿಬಿದ್ದರೆ ಮರುನೇಮಕವೂ ಕೈತಪ್ಪಬಹುದು.