ಆಡಿನ ಚರ್ಮದ ಹುಣ್ಣು: ಗುರುತಿಸುವುದು ಮತ್ತು ಆರೈಕೆ

ಕೊಪ್ಪಳ, ರಾಯಚೂರು ಕಡೆಯ ಆಡುಗಳಿಗೆ ಬಳ್ಳಾರಿ ಜಾಲಿಯ ಮುಳ್ಳು ತಗಲುವುದು ಸಾಮಾನ್ಯವಾದ್ದರಿಂದ, ಬಾಯಿಯ ಸುತ್ತಲಿನ ಹುಣ್ಣನ್ನು ಬರೀ ಮುಳ್ಳಿನ ಗಾಯವೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ತುಟಿಯಂಚಿನಲ್ಲಿ ಕಂದುಬಣ್ಣದ ದಪ್ಪ ಹಕ್ಕಳೆ ಕಟ್ಟಿ, ಕೆಲವೇ ದಿನಗಳಲ್ಲಿ ಬೇರೆ ಮರಿಗಳ ಬಾಯಿಗೂ ತಾಯಿಯ ಮೊಲೆತೊಟ್ಟಿಗೂ ಹಬ್ಬಿದರೆ ಅದು ಆರ್ಫ್ ಎಂಬ ವೈರಸ್ ರೋಗವಿರಬಹುದು. ಈ ವೈರಸ್ ಗೀರುಗಾಯದ ಮೂಲಕವೇ ಒಳಸೇರುತ್ತದೆ ಮತ್ತು ಮನುಷ್ಯರ ಕೈಗೂ ಅಂಟುತ್ತದೆ. ಆದ್ದರಿಂದ ಕೈಗವಸು ಹಾಕಿಕೊಂಡು, ಹಕ್ಕಳೆಯನ್ನು ಕೀಳದೆ, ತಿಳಿಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆದು ಬೋರೋಗ್ಲಿಸರಿನ್ (ಬೋರಿಕ್ ಆಮ್ಲ ಬೆರೆಸಿದ ಗ್ಲಿಸರಿನ್) ಸವರಬೇಕು. ರೋಗ ಸಾಮಾನ್ಯವಾಗಿ 3–4 ವಾರಗಳಲ್ಲಿ ತಾನಾಗಿ ಮಾಯುತ್ತದೆ. ಅಷ್ಟರವರೆಗೆ ಮೊಲೆ ಚೀಪಲಾರದ ಮರಿಗೆ ಹಾಲು ಕುಡಿಸುವುದೇ ನಿಜವಾದ ಚಿಕಿತ್ಸೆ.

ಕೂದಲು ಉದುರಿ, ಚರ್ಮ ದಪ್ಪವಾಗಿ, ಆಡು ಗೋಡೆಗೆ ಮೈ ಉಜ್ಜುತ್ತಿದ್ದರೆ ಕಜ್ಜಿಯೆಂದು ಶಂಕಿಸಬೇಕು. ಇದಕ್ಕೆ ಕಜ್ಜಿಯ ಹುಳುಗಳನ್ನು ಕೊಲ್ಲುವ ಐವರ್ಮೆಕ್ಟಿನ್ ಎಂಬ ಔಷಧಿ ಕೊಡುವುದುಂಟು, ಆದರೆ ತೂಕಕ್ಕೆ ತಕ್ಕ ಪ್ರಮಾಣವನ್ನೂ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನೂ ಪಶುವೈದ್ಯರೇ ಹೇಳಬೇಕು.

ದವಡೆಯ ಕೆಳಗೆ ಅಥವಾ ಭುಜದ ಮುಂದೆ ಗಟ್ಟಿ ಗಂಟು ಕಂಡರೆ ಹಟ್ಟಿಯಲ್ಲಿ ಬ್ಲೇಡಿನಿಂದ ಕೊಯ್ಯಲೇಬಾರದು, ಏಕೆಂದರೆ ಸೋರಿದ ಕೀವು ನೆಲದಲ್ಲಿ ಉಳಿದು ಇಡೀ ಹಿಂಡಿಗೆ ಸೋಂಕು ಹರಡಬಲ್ಲದು.

ಜ್ವರದ ಜೊತೆಗೆ ಕಿವಿ, ಬಾಲದ ಅಡಿ, ಕೆಚ್ಚಲಿನಂಥ ಕೂದಲಿಲ್ಲದ ಜಾಗಗಳಲ್ಲಿ ಗುಳ್ಳೆಗಳೆದ್ದರೆ ಸಿಡುಬಿರಬಹುದು. ಆ ಆಡನ್ನು ಕೂಡಲೇ ಬೇರೆ ಕಟ್ಟಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು.