ಹದಿನಾಲ್ಕನೆಯ ಸಂಪುಟ ಮುಗಿದ ಮೇಲೆ: ಕೊನೆಯ ಓದಿನ ಅನಿಸಿಕೆಗಳನ್ನು ಬರೆದಿಡುವ ಬಗೆ

ವರ್ಷಗಟ್ಟಲೆ ಜೊತೆಗಿದ್ದ ಕಾಲ್ಪನಿಕ ಲೋಕವೊಂದರ ಕೊನೆಯ ಪುಟವನ್ನು ಮಗುಚಿದಾಗ ಅಗಲಿಕೆಯ ದುಃಖ, ಮುಗಿಸಿದ ತೃಪ್ತಿ, ಹೀಗಾಗಬಾರದಿತ್ತು ಎಂಬ ಕೊರಗು ಎಲ್ಲವೂ ಒಂದರೊಳಗೊಂದು ಕಲಸಿಕೊಂಡಿರುತ್ತವೆ. ಆ ಹೊತ್ತಿನಲ್ಲೇ ತೀರ್ಪು ಕೊಟ್ಟುಬಿಟ್ಟರೆ ನಮ್ಮ ಅಗಲಿಕೆಯ ನೋವೇ ಪುಸ್ತಕದ ದೋಷವಾಗಿ ಕಾಣುವ ಅಪಾಯವಿದೆ. ಇವುಗಳನ್ನು ಬಿಡಿಸಿ ಬರೆದುಕೊಳ್ಳುವ ಕ್ರಮವನ್ನು ನಾನು ರಾಬರ್ಟ್ ಜೋರ್ಡಾನ್ ಆರಂಭಿಸಿದ ‘ದಿ ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯಿಂದ ಕಲಿತೆ. ಅದರ ಮೊದಲ ಸಂಪುಟ 1990ರಲ್ಲಿ ಬಂದಿತು. ಹದಿನಾಲ್ಕನೆಯದೂ ಕೊನೆಯದೂ ಆದ ‘ಎ ಮೆಮೊರಿ ಆಫ್ ಲೈಟ್’ 2013ರ ಜನವರಿಯಲ್ಲಿ ಪ್ರಕಟವಾಯಿತು. ಮುಕ್ತಾಯದ ಗುಟ್ಟನ್ನು ಇಲ್ಲಿ ಬಿಚ್ಚುವುದಿಲ್ಲ, ಆದರೆ ಒಂದು ಪಾತ್ರದ ಮಾತು ಬಂದೇ ಬರುತ್ತದೆ.

ಮೊದಲ ದಿನ ಬೇರೆಯವರ ವಿಮರ್ಶೆಯನ್ನು ಓದಬೇಡಿ. ಒಂದು ಹಾಳೆ ತೆಗೆದುಕೊಂಡು, ಪುಸ್ತಕವನ್ನು ತೆರೆಯದೆ, ಕಣ್ಣಿಗೆ ಕಟ್ಟಿದಂತೆ ಉಳಿದಿರುವ ದೃಶ್ಯಗಳನ್ನಷ್ಟೇ ಬರೆಯಿರಿ; ಅಭಿಪ್ರಾಯ ಇನ್ನೂ ಬೇಡ. ಯಾರ ಮಾತು, ಯಾವ ಸ್ಥಳ, ಯಾವ ಸಾವು ಮೊದಲು ನೆನಪಾಗುತ್ತದೆ ಎಂಬ ಅನುಕ್ರಮವೇ ನೀವು ಯಾರನ್ನು ಹಿಂಬಾಲಿಸಿ ಇಷ್ಟು ದೂರ ಬಂದಿರಿ ಎಂಬುದನ್ನು ಹೇಳುತ್ತದೆ. ನನ್ನ ಹಾಳೆಯಲ್ಲಿ ನಾಯಕ ರ‍್ಯಾಂಡ್‌ನ ಹೆಸರು ಐದನೆಯದಾಗಿ ಬಂದುದನ್ನು ಕಂಡು ನನಗೇ ಆಶ್ಚರ್ಯವಾಗಿತ್ತು.

ಎರಡು ದಿನ ಬಿಟ್ಟು ದೂರುಗಳನ್ನು ಬರೆಯಿರಿ. ಇದು ಈ ಕೆಲಸದ ಅತಿ ಮುಖ್ಯವಾದ ಭಾಗವಾದ್ದರಿಂದ ಅವಸರ ಕೂಡದು. ಪ್ರತಿಯೊಂದು ದೂರಿನ ಎದುರಿಗೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ಪುಸ್ತಕ ತಾನೇ ಕೊಟ್ಟ ಮಾತಿಗೆ ತಪ್ಪಿದೆಯೇ, ಅಥವಾ ನಾನು ಮನಸ್ಸಿನಲ್ಲೇ ಕಟ್ಟಿಕೊಂಡ ಬಯಕೆಗೆ ತಪ್ಪಿದೆಯೇ? ಕೊನೆಯ ಸಂಪುಟದ ಮೂವತ್ತೇಳನೆಯ ಅಧ್ಯಾಯ ಅಂತಿಮ ಯುದ್ಧಕ್ಕೆ ಮೀಸಲಾಗಿದ್ದು, ಅದೊಂದೇ ಸುಮಾರು ಇನ್ನೂರು ಪುಟಗಳಷ್ಟು ಉದ್ದವಾಗಿದೆ. ಎಲ್ಲಿಯೂ ನಿಲ್ಲಿಸಲು ಜಾಗ ಸಿಗದೆ ದಣಿದ ನಾನು ಅದನ್ನು ದೋಷವೆಂದೇ ಬರೆದಿದ್ದೆ. ಮತ್ತೆ ಯೋಚಿಸಿದಾಗ, ರಣರಂಗದಲ್ಲಿ ನಿಂತವರಿಗೆ ಸಿಗದ ವಿಶ್ರಾಂತಿಯನ್ನು ಓದುಗನಿಗೂ ಕೊಡದಿರುವ ಆ ರಚನೆ ಬೇಕೆಂದೇ ಮಾಡಿದ್ದೆಂದು ಮನಗಂಡು ಆ ದೂರನ್ನು ಹಿಂದಕ್ಕೆ ಪಡೆದೆ. ಪಾಡನ್ ಫೇನ್‌ನ ವಿಷಯದಲ್ಲಿ ಮಾತ್ರ ನನ್ನ ದೂರು ಹಾಗೆಯೇ ಉಳಿದಿದೆ. ಮೊದಲ ಸಂಪುಟದಿಂದ ನೆರಳಿನಂತೆ ಬೆನ್ನಟ್ಟಿ ಬಂದ ಅವನ ಕಥೆ ಕೊನೆಯಲ್ಲಿ ಕೆಲವೇ ಪುಟಗಳಲ್ಲಿ ತೀರಿಹೋಗುತ್ತದೆ. ಅಷ್ಟು ಕಾಲ ಬೆಳೆಸಿದ ಭಯಕ್ಕೆ ಅದು ತಕ್ಕ ಮುಕ್ತಾಯವಲ್ಲ, ಮತ್ತು ಆ ಭಯವನ್ನು ಬೆಳೆಸಿದ್ದು ಪುಸ್ತಕವೇ.

ಈ ಸರಣಿಯ ಓದುಗರು ಇನ್ನೊಂದು ಲೆಕ್ಕವನ್ನೂ ಇಡಬೇಕಾಗುತ್ತದೆ. ಜೋರ್ಡಾನ್ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ಪತ್ನಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್ ಆರಿಸಿದ ಬ್ರ್ಯಾಂಡನ್ ಸ್ಯಾಂಡರ್ಸನ್, ಜೋರ್ಡಾನ್ ಬಿಟ್ಟುಹೋದ ಟಿಪ್ಪಣಿಗಳ ನೆರವಿನಿಂದ ಕೊನೆಯ ಮೂರು ಸಂಪುಟಗಳನ್ನು ಪೂರೈಸಿದರು. ಮ್ಯಾಟ್ ಎಂಬ ಪಾತ್ರದ ದನಿ ಹನ್ನೆರಡನೆಯ ಸಂಪುಟದಲ್ಲಿ ಸರಿಯಾಗಿ ಹಿಡಿತಕ್ಕೆ ಸಿಕ್ಕಿರಲಿಲ್ಲವೆಂದು ಸ್ಯಾಂಡರ್ಸನ್ ಅವರೇ ಒಪ್ಪಿಕೊಂಡಿದ್ದಾರೆ. ಕನ್ನಡದವರಿಗೆ ಇಂಥ ಕೈಬದಲು ಹೊಸದೇನಲ್ಲ. ಕುಮಾರವ್ಯಾಸ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಎರಡನ್ನೂ ಓದಿದವರಿಗೆ ಕಥೆ ಮುಂದುವರಿದರೂ ಉಸಿರು ಬೇರೆಯಾದದ್ದು ತಿಳಿಯುತ್ತದೆ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಕಥೆಗೆ ಸಂಬಂಧಿಸಿದ ಅಸಮಾಧಾನವನ್ನು ಒಂದೆಡೆ, ಶೈಲಿಗೆ ಸಂಬಂಧಿಸಿದ್ದನ್ನು ಇನ್ನೊಂದೆಡೆ ಇಡಿ. ಕಟ್ಟಕಡೆಯ ದೃಶ್ಯವನ್ನು ಜೋರ್ಡಾನ್ ತಾವೇ ಬರೆದಿಟ್ಟಿದ್ದರು ಎಂಬುದನ್ನು ಮರೆತು ಅದರ ಹೊಣೆಯನ್ನು ಸ್ಯಾಂಡರ್ಸನ್ ಮೇಲೆ ಹೊರಿಸಿದ ಓದುಗರನ್ನು ನಾನು ಕಂಡಿದ್ದೇನೆ, ಅದು ಅನ್ಯಾಯ.

ಇದಾದ ಬಳಿಕ ಮೊದಲ ಸಂಪುಟದ ಮೊದಲ ಅಧ್ಯಾಯವನ್ನು, ಅದೊಂದನ್ನೇ, ನಿಧಾನವಾಗಿ ಓದಿ. ಈ ಸರಣಿಯ ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಬೀಸುವ ಗಾಳಿಯೊಂದರಿಂದ ತೆರೆದುಕೊಳ್ಳುತ್ತದೆ, ಕೊನೆಯ ಸಂಪುಟ ಆ ಗಾಳಿಯಲ್ಲೇ ಮುಗಿಯುತ್ತದೆ. ಯುಗಗಳು ಉರುಳಿ ಮತ್ತೆ ಮರಳುವ ಕಾಲಚಕ್ರದ ಕಲ್ಪನೆ ನಮಗೆ ಬಾಲ್ಯದಿಂದ ಪರಿಚಿತವಾದರೂ, ಮುಗಿಸಿದ ಮೇಲೆ ಆ ಮೊದಲ ಪುಟಗಳಿಗೆ ಹಿಂತಿರುಗಿದಾಗ, ಏನೂ ಅರಿಯದ ಆ ಹಳ್ಳಿಯ ಹುಡುಗರನ್ನು ಕಂಡು ನನ್ನ ಕಣ್ಣು ತುಂಬಿ ಬಂದಿತು. ಮೊದಲ ದಿನದ ಹಾಳೆಯಲ್ಲಿ ಬರೆಯಲಾಗದೆ ಉಳಿದಿದ್ದುದನ್ನು ಅಂದು ಬರೆದೆ.

ತಿಂಗಳಾದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಓದಿ, ಬದಲಾದ ಅನಿಸಿಕೆಯನ್ನು ದಿನಾಂಕದೊಂದಿಗೆ ಕೆಳಗೆ ಸೇರಿಸಿ, ಹಳೆಯದನ್ನು ಹೊಡೆದುಹಾಕಬೇಡಿ. ಈ ನಡುವೆ ಇನ್ನೊಂದು ಮಹಾಸರಣಿಯನ್ನು ಕೈಗೆತ್ತಿಕೊಳ್ಳದೆ ಸಣ್ಣ ಕಥೆಗಳನ್ನು ಓದುವುದು ಒಳ್ಳೆಯದು.

ಹಂಚಿಕೊಳ್ಳುವಾಗ ಎದುರಿಗಿರುವವರು ಎಷ್ಟನೆಯ ಸಂಪುಟದಲ್ಲಿದ್ದಾರೆಂದು ಮೊದಲು ಕೇಳಿ. ಯಾರಾದರೂ 2003ರಲ್ಲಿ ಬಂದ ಹತ್ತನೆಯ ಸಂಪುಟದ ಮಂದಗತಿಯಲ್ಲಿ ಸಿಕ್ಕಿಕೊಂಡು ಕೈಬಿಡುವ ಯೋಚನೆಯಲ್ಲಿದ್ದರೆ, ಹನ್ನೊಂದನೆಯದರಲ್ಲಿ ಕಥೆ ಮತ್ತೆ ವೇಗ ಹಿಡಿಯುತ್ತದೆ ಎಂದಷ್ಟೇ ಹೇಳಿ, ಉಳಿದದ್ದನ್ನು ಅವರಿಗೆ ಬಿಟ್ಟುಬಿಡಿ.