ಮಳೆಗಾಲದ ಕೊಟ್ಟಿಗೆಯಲ್ಲಿ ಶುದ್ಧ ಹಾಲು ಪಡೆಯುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎರಡು ಮೂರು ಹಸು ಸಾಕಿ, ಮನೆಬಳಕೆಗೆ ಮಿಕ್ಕ ಹಾಲನ್ನು ಡೈರಿಗೆ ಹಾಕುವ ಕುಟುಂಬಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಕಠಿಣವಾದುದು. ಒದ್ದೆ ನೆಲದಲ್ಲಿ ಮಲಗುವ ಹಸುವಿನ ಮೊಲೆತೊಟ್ಟಿನ ಮೂಲಕ ರೋಗಾಣುಗಳು ಒಳಸೇರಿ ಕೆಚ್ಚಲು ಬಾವು ಬರುತ್ತದೆ. ಊರಿನ ಮಲೆನಾಡು ಗಿಡ್ಡ ತಳಿಯ ಹಸುಗಳು ಈ ಹವೆಗೆ ಒಗ್ಗಿಕೊಂಡಿವೆಯಾದರೂ ದೊಡ್ಡ ಕೆಚ್ಚಲಿನ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗಳಿಗೆ ಹೆಚ್ಚಿನ ಆರೈಕೆ ಬೇಕು.

ಮಳೆ ಹಿಡಿಯುವ ಮುನ್ನವೇ ಕೊಟ್ಟಿಗೆಯ ನೆಲದ ಗುಂಡಿಗಳನ್ನು ಮುಚ್ಚಿ, ಗಂಜಲ ನಿಲ್ಲದೆ ಕಾಲುವೆಗೆ ಹರಿಯುವಂತೆ ಇಳಿಜಾರು ಮಾಡಿಕೊಳ್ಳಬೇಕು. ಇರಚಲು ಹೊಡೆಯುವ ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಪೂರ್ತಿ ಮುಚ್ಚಿದ ಕೊಟ್ಟಿಗೆಯಲ್ಲಿ ತೇವವೂ ಗಂಜಲದ ಘಾಟೂ ಒಳಗೇ ಉಳಿಯುತ್ತವೆ.

ಹಾಸಿನ ವಿಷಯದಲ್ಲಿ ನಮ್ಮವರು ಸ್ವಲ್ಪ ಯೋಚಿಸಬೇಕಾಗಿದೆ. ಸೊಪ್ಪಿನ ಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನಿಂದ, ತಂದ ಹಸಿ ಸೊಪ್ಪನ್ನು ಹಾಸಿ, ಅದನ್ನೇ ಗೊಬ್ಬರವಾಗಿಸಿ ತೋಟಕ್ಕೆ ಹಾಕುವ ಪದ್ಧತಿ ಬಹಳ ಒಳ್ಳೆಯದು, ಅದನ್ನು ಕೈಬಿಡುವ ಅಗತ್ಯವಿಲ್ಲ. ಆದರೆ ಮಳೆಯಲ್ಲಿ ನೆನೆದ ಸೊಪ್ಪನ್ನು ನೇರವಾಗಿ ಹಾಸಿದರೆ ಕೆಚ್ಚಲು ದಿನವಿಡೀ ತೇವದಲ್ಲಿರುತ್ತದೆ. ಸೊಪ್ಪಿನ ನೀರು ಸೋರಿಹೋದ ಮೇಲೆ ಹಾಸಿ, ಹಸುವಿನ ಹಿಂಭಾಗ ತಾಗುವ ಕಡೆ ಒಣಹುಲ್ಲನ್ನೋ ಭತ್ತದ ಹೊಟ್ಟನ್ನೋ ಹರಡಿ, ಸಗಣಿಯನ್ನು ದಿನಕ್ಕೆ ಎರಡು ಬಾರಿಯಾದರೂ ತೆಗೆಯಬೇಕು. ಬೇಸಿಗೆಯಲ್ಲಿ ದರಕು (ಒಣ ತರಗೆಲೆ) ಗುಡಿಸಿ ಕೂಡಿಡುವವರು, ಮಂಗನ ಕಾಯಿಲೆ ಕಾಣಿಸಿಕೊಂಡ ಕಾಡಿನಿಂದ ಅದನ್ನು ತರಲೇಬಾರದು. ರೋಗ ಹರಡುವ ಉಣ್ಣೆಗಳು ಆ ತಿಂಗಳುಗಳಲ್ಲಿ ತರಗೆಲೆಗಳ ನಡುವೆಯೇ ಇರುತ್ತವೆ.

ಹಾಲು ಕರೆಯುವ ಮೊದಲು ಕೆಚ್ಚಲನ್ನು ತೊಳೆದು, ಪ್ರತಿ ಹಸುವಿಗೂ ಬೇರೆಯದೇ ಆದ ಶುಭ್ರ ಬಟ್ಟೆಯಿಂದ ಒರೆಸಬೇಕು. ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿದರೆ, ಗರಣೆ (ಹೆಪ್ಪಿನಂಥ ಗಟ್ಟಿ ತುಣುಕು), ನೀರಿನಂಥ ಹಾಲು ಅಥವಾ ರಕ್ತದ ಎಳೆ ಇದ್ದರೆ ತಿಳಿಯುತ್ತದೆ. ಅಂಥ ಹಸುವನ್ನು ಕೊನೆಗೆ ಕರೆದು, ಆ ಹಾಲನ್ನು ಬೇರೆಯಿರಿಸಿ, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಹೆಬ್ಬೆರಳು ಮಡಚಿ ಹಿಂಡುವುದರಿಂದ ಮೊಲೆಗೆ ಪೆಟ್ಟಾಗುವುದರಿಂದ ಇಡೀ ಅಂಗೈಯಿಂದ ಹಿಂಡಿ, ಏಳೆಂಟು ನಿಮಿಷದೊಳಗೆ ಮುಗಿಸುವುದು ಒಳಿತು. ಕರೆದ ನಂತರ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕಾಗುವುದರಿಂದ, ಹಸು ಕೂಡಲೇ ಮಲಗದಂತೆ ಹುಲ್ಲು ಹಾಕಿ ನಿಲ್ಲಿಸಿಕೊಳ್ಳಬೇಕು.

ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೈರಿಗಾಗಲಿ ನೆರೆಮನೆಗಾಗಲಿ ಕೊಡಬಾರದು. ನಷ್ಟವಾಗುವುದು ನಿಜ; ಆದರೆ ಆ ಹಾಲು ಕುಡಿಯುವವರಲ್ಲಿ ಎಳೆಯ ಮಕ್ಕಳೂ ಇರುತ್ತಾರೆ. ಉಳಿದ ಹಾಲನ್ನು ಶುಭ್ರ ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಕ್ಯಾನಿನಲ್ಲಿ ಬೇಗನೆ ಡೈರಿಗೆ ತಲುಪಿಸಬೇಕು. ಹಿಂದಿನ ಸಂಜೆ ಉಳಿದ ಹಾಲನ್ನು ಅದಕ್ಕೆ ಬೆರೆಸಬಾರದು.